ನೇಮಕಾತಿ ಪತ್ರ ಕೈಗೆ ಬಂದ ಮೇಲೆ: ಗ್ರಾಮೀಣ ಕೌಶಲ್ಯ ಯೋಜನೆಯ ತರಬೇತಿ ಮತ್ತು ಉದ್ಯೋಗ ಸೇವೆಯ ವಿಮರ್ಶೆ

ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ಅಡಿಯಲ್ಲಿ ಬಡ ಕುಟುಂಬಗಳ ಯುವಕ ಯುವತಿಯರಿಗೆ ಉಚಿತ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವ ಕೇಂದ್ರಗಳ ಬಗ್ಗೆ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಮಗಳು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ, ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ ಎನ್ನುವ ಮನೆಯ ಪಕ್ಕದಲ್ಲಿಯೇ, ಬೆಂಗಳೂರಿಗೆ ಹೋದ ಮಗ ತಿಂಗಳು ತುಂಬುವ ಮೊದಲೇ ಚೀಲ ಹೊತ್ತುಕೊಂಡು ಮರಳಿದ ಎನ್ನುವ ಮನೆಯೂ ಇರುತ್ತದೆ. ಚಿತ್ತಾಪುರ ತಾಲ್ಲೂಕಿನಲ್ಲಿ ಸ್ವಸಹಾಯ ಸಂಘಗಳ ಒಕ್ಕೂಟದೊಂದಿಗೆ ಒಡನಾಟವಿರುವ ನಾನು ಕೆಲವು ವರ್ಷಗಳಿಂದ ಅನೇಕರ ಅರ್ಜಿಗಳನ್ನು ತುಂಬಿಸಿದ್ದೇನೆ, ತಂದೆ ತಾಯಿಯರೊಂದಿಗೆ ಮಾತನಾಡಿದ್ದೇನೆ ಮತ್ತು ಕೆಲಸಕ್ಕೆ ಸೇರಿದವರ ಯೋಗಕ್ಷೇಮವನ್ನು ಫೋನಿನಲ್ಲಿ ವಿಚಾರಿಸುತ್ತ ಬಂದಿದ್ದೇನೆ. ಆ ಅನುಭವದ ಆಧಾರದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯನ್ನು ಪಡೆಯಲೇಬೇಕು, ಅದರಲ್ಲಿ ಕಲಿಯಲು ನಿಜಕ್ಕೂ ಬಹಳಷ್ಟಿದೆ. ಆದರೆ ಕೆಲಸ ಕೊಡಿಸುವುದರಲ್ಲಿ ಇರುವ ಶಕ್ತಿ ಕೆಲಸ ಉಳಿಸಿಕೊಡುವುದರಲ್ಲಿ ಎಲ್ಲ ಕೇಂದ್ರಗಳಿಗೂ ಸಮನಾಗಿಲ್ಲ, ಮತ್ತು ಉಳಿಸಿಕೊಟ್ಟ ಕಡೆಗಳಲ್ಲೆಲ್ಲ ಅದಕ್ಕೆ ಕಾರಣ ಸುತ್ತಲಿನ ಜನರು, ಸಂಸ್ಥೆಗಳು ಒಂದಾಗಿ ನಿಂತದ್ದೇ ಆಗಿದೆ.

ಯೋಜನೆಯ ಪರಿಚಯ ಇಲ್ಲದವರಿಗಾಗಿ ಕೆಲವು ವಿವರಗಳು ಅಗತ್ಯ. ಕೇಂದ್ರ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನು 2014ರ ಸೆಪ್ಟೆಂಬರ್ 25ರಂದು ಘೋಷಿಸಿತು. ಸಾಮಾನ್ಯವಾಗಿ 15ರಿಂದ 35 ವರ್ಷದೊಳಗಿನವರು ಸೇರಬಹುದು. ಮಹಿಳೆಯರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಜೀತದಿಂದ ಬಿಡುಗಡೆಯಾದವರು ಮುಂತಾದವರಿಗೆ 45 ವರ್ಷದವರೆಗೆ ಅವಕಾಶವಿದೆ. 2016ರ ಮಾರ್ಗಸೂಚಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 50, ಅಲ್ಪಸಂಖ್ಯಾತರಿಗೆ ಶೇ. 15, ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನಗಳನ್ನು ಮೀಸಲಿಡಲಾಗಿದೆ. ಬಡತನ ರೇಖೆಯ ಕೆಳಗಿನ ಕುಟುಂಬದವರಷ್ಟೇ ಅಲ್ಲದೆ, ಹಿಂದಿನ ಆರ್ಥಿಕ ವರ್ಷದಲ್ಲಿ ಮನೆಯ ಯಾರಾದರೂ ಉದ್ಯೋಗ ಖಾತ್ರಿಯಲ್ಲಿ ಕನಿಷ್ಠ 15 ದಿನ ದುಡಿದಿದ್ದರೆ ಅಂಥ ಕುಟುಂಬದವರೂ, ಸ್ವಸಹಾಯ ಸಂಘದ ಸದಸ್ಯರ ಮನೆಯವರೂ ಅರ್ಹರಾಗುತ್ತಾರೆ. ಈ ಕೊನೆಯ ಎರಡು ದಾರಿಗಳು ನಮ್ಮ ಭಾಗಕ್ಕೆ ಬಹಳ ಮುಖ್ಯವಾದವು, ಏಕೆಂದರೆ ತಾಂಡಾಗಳಲ್ಲಿ ಮತ್ತು ಖಣಿ ಕಾರ್ಮಿಕರ ಕಾಲೊನಿಗಳಲ್ಲಿ ಪಡಿತರ ಚೀಟಿಯ ತಕರಾರು ಇರುವ ಎಷ್ಟೋ ಮನೆಗಳಲ್ಲಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಮಾತ್ರ ಸರಿಯಾಗಿರುತ್ತದೆ.

ತರಬೇತಿಯ ಅವಧಿ ಸುಮಾರು ಮೂರು ತಿಂಗಳಿಂದ ಒಂದು ವರ್ಷದವರೆಗೆ ಇರುತ್ತದೆ. ವಸತಿ, ಊಟ, ಸಮವಸ್ತ್ರ, ಪಠ್ಯ ಸಾಮಗ್ರಿ ಎಲ್ಲವೂ ಉಚಿತ. ಆಸ್ಪತ್ರೆ ಸಹಾಯಕರ ಕೆಲಸ, ಹೊಲಿಗೆ ಯಂತ್ರ ನಿರ್ವಹಣೆ, ಚಿಲ್ಲರೆ ಮಾರಾಟ, ಹೋಟೆಲ್ ಸೇವೆ, ವಿದ್ಯುತ್ ಕೆಲಸ ಮುಂತಾದ ವಿಷಯಗಳ ಜೊತೆಗೆ ಎಲ್ಲರಿಗೂ ಸ್ವಲ್ಪ ಕಂಪ್ಯೂಟರ್ ಮತ್ತು ಇಂಗ್ಲಿಷ್ ಕಲಿಸುತ್ತಾರೆ. ಹಾಜರಿ ಬೆರಳಚ್ಚಿನಲ್ಲಿ ದಾಖಲಾಗುವುದರಿಂದ ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು ಕಷ್ಟ. ತರಗತಿಗಳ ಗುಣಮಟ್ಟದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಹತ್ತನೆಯ ತರಗತಿಯ ನಂತರ ಪುಸ್ತಕ ಮುಟ್ಟದೆ ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ಹೋಗುತ್ತಿದ್ದ ಹುಡುಗಿ ಕೇಂದ್ರದಿಂದ ಹೊರಬರುವಾಗ ರಕ್ತದೊತ್ತಡ ನೋಡುವುದನ್ನು, ರೋಗಿಯ ಕಡತ ಬರೆಯುವುದನ್ನು ಕಲಿತಿರುತ್ತಾಳೆ, ಮತ್ತು ಅಪರಿಚಿತರ ಮುಂದೆ ತಲೆಯೆತ್ತಿ ಮಾತನಾಡುತ್ತಾಳೆ. ಆ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕಾಗಿ ಬೋಧಕರಿಗೆ ಋಣಿಯಾಗಿದ್ದೇನೆ.

ಹೆಚ್ಚು ಹೇಳಬೇಕಾಗಿರುವುದು ನಂತರದ ಹಂತದ ಬಗ್ಗೆ. 2016ರ ಆ ಮಾರ್ಗಸೂಚಿಯ ಪ್ರಕಾರ ತರಬೇತಿ ಪಡೆದವರಲ್ಲಿ ಕನಿಷ್ಠ ಶೇ. 70ರಷ್ಟು ಜನರಿಗೆ ಕೆಲಸ ಕೊಡಿಸುವುದು ಕೇಂದ್ರ ನಡೆಸುವ ಸಂಸ್ಥೆಯ ಹೊಣೆ. ಬರೀ ನೇಮಕಾತಿ ಪತ್ರ ತೋರಿಸಿದರೆ ಸಾಲದು. ಮೂರು ತಿಂಗಳು ಸತತವಾಗಿ ಕೆಲಸ ಮಾಡಿ ಪಗಾರ ಪಡೆದದ್ದಕ್ಕೆ ಸಂಬಳದ ಚೀಟಿ ಅಥವಾ ಬ್ಯಾಂಕಿನ ದಾಖಲೆ ಇದ್ದರೆ ಮಾತ್ರ ಅದನ್ನು ಉದ್ಯೋಗ ಎಂದು ಎಣಿಸುತ್ತಾರೆ. ಇದು ಬಹಳ ಒಳ್ಳೆಯ ನಿಯಮ. ಅಲ್ಲದೆ ಹೊಸದಾಗಿ ಸೇರಿದವರಿಗೆ ಆರಂಭದ ಖರ್ಚಿಗೆಂದು ತಿಂಗಳಿಗೆ 1,000 ರೂಪಾಯಿಯಂತೆ, ತಮ್ಮ ಜಿಲ್ಲೆಯೊಳಗೆ ಕೆಲಸವಾದರೆ ಎರಡು ತಿಂಗಳು, ರಾಜ್ಯದೊಳಗೆ ಮೂರು ತಿಂಗಳು, ಹೊರರಾಜ್ಯದಲ್ಲಾದರೆ ಆರು ತಿಂಗಳು ನೆರವು ಕೊಡಬೇಕೆಂದೂ ಇದೆ. ಒಬ್ಬ ಅಭ್ಯರ್ಥಿ ವರ್ಷವಿಡೀ ಕೆಲಸದಲ್ಲಿ ಉಳಿದರೆ ಸಂಸ್ಥೆಗೆ ಪ್ರೋತ್ಸಾಹಧನ ಸಿಗುತ್ತದೆ. ಯೋಜನೆ ರೂಪಿಸಿದವರಿಗೆ ಕೆಲಸ ಸಿಗುವುದಕ್ಕಿಂತ ಅದರಲ್ಲಿ ಉಳಿಯುವುದು ಕಷ್ಟವೆಂಬುದು ಚೆನ್ನಾಗಿ ತಿಳಿದಿತ್ತು ಎಂಬುದಕ್ಕೆ ಇವೆಲ್ಲ ಸಾಕ್ಷಿ. ಈ ಮೊತ್ತಗಳು, ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಸೇರುವ ಸಮಯದಲ್ಲಿ ಚಾಲ್ತಿಯಲ್ಲಿರುವುದನ್ನು ಕೇಳಿಕೊಳ್ಳಬೇಕು.

ಹಾಗಿದ್ದರೂ ನಮ್ಮ ಮಕ್ಕಳು ಏಕೆ ಮರಳಿ ಬರುತ್ತಾರೆ? ಇವರಿಗೆ ದುಡಿಯುವ ಮನಸ್ಸಿಲ್ಲ ಎಂದು ಕೆಲವು ಅಧಿಕಾರಿಗಳು ಹೇಳುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಸಾವಿರಾರು ಕುಟುಂಬಗಳು ಪ್ರತಿವರ್ಷ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗಿ ಕಟ್ಟಡಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ ಮೈಮುರಿದು ದುಡಿಯುತ್ತವೆ. ದುಡಿಮೆಗೆ ಹೆದರುವ ಜನ ಇವರಲ್ಲ. ಆದರೆ ಗುಳೆ ಹೋಗುವಾಗ ಇಡೀ ಮನೆ ಒಟ್ಟಿಗೆ ಹೋಗುತ್ತದೆ, ಕೂಲಿಗಾರರನ್ನು ಕರೆದೊಯ್ಯುವ ಮೇಸ್ತ್ರಿ, ಅಂದರೆ ಮುಕಾದಮ, ಮುಂಗಡ ಹಣ ಕೊಟ್ಟಿರುತ್ತಾನೆ, ಇಳಿದ ದಿನವೇ ಒಲೆ ಹೊತ್ತಿಸಲು ಜಾಗ ತೋರಿಸುತ್ತಾನೆ. ಆ ವ್ಯವಸ್ಥೆಯಲ್ಲಿ ಶೋಷಣೆ ಇದೆ, ಮುಂಗಡ ತೀರಿಸಲಾಗದೆ ವರ್ಷಗಟ್ಟಲೆ ಸಿಕ್ಕಿಬಿದ್ದವರೂ ಇದ್ದಾರೆ. ಅದನ್ನು ನಾನು ಎಂದಿಗೂ ಸಮರ್ಥಿಸುವುದಿಲ್ಲ. ಆದರೂ ಮೊದಲ ತಿಂಗಳನ್ನು ದಾಟಿಸುವ ಉಪಾಯ ಅದರಲ್ಲಿದೆ. ಇಪ್ಪತ್ತು ವರ್ಷದ ಹುಡುಗನೊಬ್ಬ ಒಂಟಿಯಾಗಿ ಬೆಂಗಳೂರಿನ ಪೀಣ್ಯದ ಕಾರ್ಖಾನೆಗೆ ಸೇರಿದಾಗ ಅವನಿಗೆ ಅಂಥ ಯಾವ ಆಸರೆಯೂ ಇರುವುದಿಲ್ಲ. ಕೋಣೆಗೆ ಮುಂಗಡ ಕಟ್ಟಬೇಕು, ಮೆಸ್ಸಿಗೆ ದುಡ್ಡು ಕೊಡಬೇಕು, ಮೊದಲ ಪಗಾರ ಬರುವುದು ಮುಂದಿನ ತಿಂಗಳ ಏಳನೆಯದೋ ಹತ್ತನೆಯದೋ ತಾರೀಖಿಗೆ. ಯೋಜನೆಯ ನೆರವಿನ ಸಾವಿರ ರೂಪಾಯಿ ಈ ನಡುವಿನ ದಿನಗಳಿಗೆಂದೇ ಇರುವುದು. ನಾನು ಹತ್ತಿರದಿಂದ ನೋಡಿದ ಒಂದು ಕೇಂದ್ರದಲ್ಲಿ ಆ ಹಣ ಖಾತೆಗೆ ಬಂದದ್ದು ಹುಡುಗರು ಊರಿಗೆ ಮರಳಿದ ಎಷ್ಟೋ ದಿನಗಳ ನಂತರ. ಅದೇ ಹಣವನ್ನು ರೈಲು ಹತ್ತುವ ಮುನ್ನ ಕೈಗೆ ಕೊಟ್ಟಿದ್ದರೆ ಅವರಲ್ಲಿ ಅರ್ಧದಷ್ಟಾದರೂ ಜನ ಉಳಿಯುತ್ತಿದ್ದರು ಎಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನೊಂದು ಕಾರಣ ಪಗಾರದ ಲೆಕ್ಕ. ಹನ್ನೆರಡು ಸಾವಿರ ಎಂದು ಹೇಳಿ ಕಳುಹಿಸಿದ ಹುಡುಗಿಯ ಖಾತೆಗೆ ಹತ್ತು ಸಾವಿರದ ನಾನ್ನೂರ ಎಪ್ಪತ್ತು ರೂಪಾಯಿ ಬಂದಾಗ ಮನೆಯವರು ಮೋಸವಾಯಿತೆಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಭವಿಷ್ಯ ನಿಧಿಗೆ ಶೇ. 12ರಂತೆ 1,440 ರೂಪಾಯಿ, ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಶೇ. 0.75ರಂತೆ 90 ರೂಪಾಯಿ ಕಡಿತವಾಗಿರುತ್ತದೆ. ಭವಿಷ್ಯ ನಿಧಿಗೆ ಮಾಲೀಕರೂ ತಮ್ಮ ಪಾಲನ್ನು ಸೇರಿಸುತ್ತಾರೆ, ಇಎಸ್‌ಐ ಇದ್ದರೆ ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ತನಗಷ್ಟೇ ಅಲ್ಲ, ಮನೆಯ ಅವಲಂಬಿತರಿಗೂ ಚಿಕಿತ್ಸೆ ಸಿಗುತ್ತದೆ. ಇದನ್ನು ಮೊದಲೇ ಕಾಗದದ ಮೇಲೆ ಬರೆದು ತೋರಿಸಿದ ಕೇಂದ್ರದ ಅಭ್ಯರ್ಥಿಗಳು ಈ ಕಾರಣಕ್ಕೆ ಕೆಲಸ ಬಿಟ್ಟದ್ದನ್ನು ನಾನು ಕಂಡಿಲ್ಲ. ತಂದೆ ತಾಯಿಯರನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತನಾಡಿದ್ದರಿಂದ ಅಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಾಯಿತು.

ಉಳಿದುಕೊಂಡವರ ಪೈಕಿ ಒಬ್ಬ ತಾಯಿಯ ವಿಷಯವನ್ನು ವಿವರವಾಗಿ ಹೇಳುವುದು ಉಚಿತ. ತಾಂಡಾದ ಈಕೆಗೆ ಚಿಕ್ಕ ಮಗುವಿದೆ, ಗಂಡ ವರ್ಷದ ಬಹುಪಾಲು ಪುಣೆಯಲ್ಲಿರುತ್ತಾನೆ. ಆಸ್ಪತ್ರೆ ಸಹಾಯಕಿಯ ತರಬೇತಿ ಮುಗಿಸಿದ ಮೇಲೆ ಬೆಂಗಳೂರಿನ ಕೆಲಸ ಬೇಡವೆಂದಳು. ಕೇಂದ್ರದವರು ಅವಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕದೆ ಕಲಬುರಗಿ ನಗರದ ಒಂದು ಖಾಸಗಿ ಆಸ್ಪತ್ರೆಯೊಂದಿಗೆ ಮಾತನಾಡಿದರು. ಕಲಬುರಗಿ ಈಗ ಸುತ್ತಲಿನ ಜಿಲ್ಲೆಗಳಿಗೆಲ್ಲ ಚಿಕಿತ್ಸೆಯ ಊರಾಗಿದೆ. ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್ ಮತ್ತು ಇಎಸ್‌ಐ ಆಸ್ಪತ್ರೆಗಳ ಜೊತೆಗೆ 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯೂ ಇಲ್ಲಿ ಉದ್ಘಾಟನೆಯಾಗಿದೆ, ಖಾಸಗಿ ಆಸ್ಪತ್ರೆಗಳಂತೂ ಬೀದಿಬೀದಿಯಲ್ಲಿವೆ. ಆದುದರಿಂದ ಈ ಕೆಲಸಕ್ಕೆ ಬೇಡಿಕೆ ಇಲ್ಲಿಯೇ ಇದೆ. ಆದರೆ ಆಸ್ಪತ್ರೆಯ ಬೆಳಗಿನ ಪಾಳಿ ಏಳಕ್ಕೆ ಆರಂಭ, ತಾಂಡಾಕ್ಕೆ ಮೊದಲ ಬಸ್ಸು ಬರುವುದೇ ಏಳರ ಮೇಲೆ. ಒಕ್ಕೂಟದ ಹೆಣ್ಣುಮಕ್ಕಳು ಡಿಪೋಗೆ ಅರ್ಜಿ ಕೊಟ್ಟರು, ಗ್ರಾಮ ಪಂಚಾಯಿತಿಯವರು ಅದಕ್ಕೆ ಪತ್ರ ಸೇರಿಸಿದರು. ಬಸ್ಸಿನ ಸಮಯ ಬದಲಾಗುವವರೆಗೆ ಆಕೆಯನ್ನು ಒಂಬತ್ತು ಗಂಟೆಯ ಪಾಳಿಗೆ ಹಾಕಲು ಆಸ್ಪತ್ರೆಯ ಮೇಲ್ವಿಚಾರಕಿ ಒಪ್ಪಿದರು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಆಕೆಗೆ ಬಸ್ಸಿನ ಖರ್ಚಿಲ್ಲ. ಮಗುವನ್ನು ಅತ್ತೆ ನೋಡಿಕೊಳ್ಳುತ್ತಾಳೆ. ನರೇಗಾ ಕೂಲಿಕಾರರ ಮಕ್ಕಳಿಗಾಗಿ ಪಂಚಾಯಿತಿಯಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ತೆರೆದಿದ್ದಾರೆ, ಆದರೆ ಅದರ ವೇಳೆ ಕೂಲಿಯ ವೇಳೆಗೆ ಹೊಂದುತ್ತದೆಯೇ ಹೊರತು ಆಸ್ಪತ್ರೆಯ ಪಾಳಿಗೆ ಹೊಂದುವುದಿಲ್ಲ. “ಬಸ್ಸು ಸರಿಯಾದ್ರ ಸಾಕ್ರಿ ಅಕ್ಕಾ, ಕೆಲಸ ನಾ ಬಿಡಂಗಿಲ್ಲ” ಎಂದು ಆಕೆ ಆಗ ಹೇಳಿದ್ದಳು. ಇಂದಿಗೂ ಅದೇ ಆಸ್ಪತ್ರೆಯಲ್ಲಿದ್ದಾಳೆ.

ಇಲ್ಲಿ ದೊಡ್ಡ ಮೊತ್ತವೇನೂ ಖರ್ಚಾಗಲಿಲ್ಲ. ತರಬೇತಿ ಕೇಂದ್ರ, ಆಸ್ಪತ್ರೆ, ಒಕ್ಕೂಟ, ಪಂಚಾಯಿತಿ, ಬಸ್ ಡಿಪೋ, ಈ ಐದೂ ಕಡೆಯವರು ಒಬ್ಬಳ ಕೆಲಸದ ಬಗ್ಗೆ ಪರಸ್ಪರ ಮಾತನಾಡಿದರು, ಅಷ್ಟೆ. ಸ್ಥಳೀಯ ಸಹಭಾಗಿತ್ವ ಎಂದು ವರದಿಗಳಲ್ಲಿ ಬರೆಯುವುದು ಇದನ್ನೇ ಆಗಿದ್ದರೆ ಅದು ಸೇವೆಯ ಮುಖ್ಯ ಭಾಗವಾಗಬೇಕು. ಸದ್ಯಕ್ಕೆ ಅದು ಆಯಾ ಕೇಂದ್ರದ ಉದ್ಯೋಗ ಅಧಿಕಾರಿಯ ಒಳ್ಳೆಯತನವನ್ನು ಅವಲಂಬಿಸಿದೆ. ಆ ಅಧಿಕಾರಿ ಬದಲಾದರೆ ಫೋನ್ ನಂಬರೂ ಬದಲಾಗುತ್ತದೆ, ಗುತ್ತಿಗೆ ಮುಗಿದು ಸಂಸ್ಥೆ ಬಾಗಿಲು ಮುಚ್ಚಿದರೆ ಅಭ್ಯರ್ಥಿಗಳಿಗೆ ಯಾರನ್ನು ಕೇಳಬೇಕೆಂಬುದೇ ತಿಳಿಯುವುದಿಲ್ಲ. ಊರಿನಲ್ಲಿ ಕಾಯಂ ಆಗಿ ಉಳಿಯುವುದು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ. ಒಂದು ವರ್ಷದ ಬೆಂಬಲದ ಹೊಣೆಯಲ್ಲಿ ಒಂದು ಪಾಲನ್ನು, ಅದಕ್ಕಿರುವ ಹಣದ ಸಮೇತ, ಒಕ್ಕೂಟಕ್ಕೆ ವಹಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರಿಗೆ ಮದುವೆಯ ಮಾತು ನಡೆದಿದೆ, ತೊಗರಿ ರಾಶಿಯ ಕಾಲಕ್ಕೆ ಯಾರು ರಜೆಯಿಲ್ಲದೆ ಊರಿಗೆ ಓಡಿಬರಬಹುದು ಎಂಬುದೆಲ್ಲ ಒಕ್ಕೂಟದ ಹೆಣ್ಣುಮಕ್ಕಳಿಗೆ ತಿಂಗಳ ಮೊದಲೇ ಗೊತ್ತಿರುತ್ತದೆ.

ಕೆಲಸಗಳ ಆಯ್ಕೆಯಲ್ಲಿಯೂ ಊರಿನ ಆರ್ಥಿಕತೆಯ ಗುರುತು ಕಡಿಮೆ. ಕಲಬುರಗಿ ತೊಗರಿಯ ಕಣಜ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಕಪನೂರು, ನಂದೂರು ಕೈಗಾರಿಕಾ ಪ್ರದೇಶಗಳ ದಾಲ್ ಮಿಲ್‌ಗಳಲ್ಲಿ ಬಣ್ಣ ನೋಡಿ ಬೇಳೆ ವಿಂಗಡಿಸುವ ಯಂತ್ರಗಳಿವೆ, ಅವನ್ನು ನಡೆಸುವವರೂ ದುರಸ್ತಿ ಮಾಡುವವರೂ ಬೇಕು. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದಿನಲ್ಲಿ ಫರ್ಸಿ ಕಲ್ಲಿನ ಪಾಲಿಶ್ ಘಟಕಗಳಿವೆ, ಯಾದಗಿರಿಯ ಕಡೇಚೂರಿನಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಇವುಗಳಲ್ಲಿ ಬಹಳಷ್ಟು ಕೆಲಸ ಗುತ್ತಿಗೆದಾರರ ಮತ್ತು ಮುಕಾದಮರ ಮೂಲಕವೇ ಹಂಚಿಕೆಯಾಗುತ್ತದೆ, ತರಬೇತಿ ಕೇಂದ್ರದವರು ಅಲ್ಲಿಗೆ ಹೋಗಿ ಮಾತನಾಡಿದ್ದನ್ನು ನಾನು ವಿರಳವಾಗಿ ಕಂಡಿದ್ದೇನೆ. ಬೆಂಗಳೂರಿನ ಒಂದೇ ಕಾರ್ಖಾನೆಗೆ ಐವತ್ತು ಜನರನ್ನು ಒಮ್ಮೆಲೇ ಸೇರಿಸುವುದು ಸಂಸ್ಥೆಗೆ ಸುಲಭ, ಹತ್ತು ಮಿಲ್‌ಗಳಿಗೆ ಐದೈದು ಜನರನ್ನು ಒಪ್ಪಿಸುವುದು ಬಹಳ ಶ್ರಮದ ಕೆಲಸ ಎಂಬುದು ನನಗೂ ಅರ್ಥವಾಗುತ್ತದೆ. ಸಣ್ಣ ಮಾಲೀಕರನ್ನು ಒಪ್ಪಿಸಲು ಒಂದು ದಾರಿಯಿದೆ: 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಅಪ್ರೆಂಟಿಸ್‌ಗೆ, ಅಂದರೆ ಕೆಲಸದ ಜಾಗದಲ್ಲಿಯೇ ದುಡಿಯುತ್ತ ಕಲಿಯುವವರಿಗೆ, ಕೊಡುವ ಭತ್ಯೆಯ ಶೇ. 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ಸರ್ಕಾರ ಭರಿಸುತ್ತದೆ. ನಾನು ಮಾತನಾಡಿಸಿದ ಮಿಲ್ ಮಾಲೀಕರಲ್ಲಿ ಹೆಚ್ಚಿನವರು ಇದರ ಹೆಸರನ್ನೇ ಕೇಳಿರಲಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಬಲವಿದೆ ಎಂದು ಹಲವರು ಹೇಳುತ್ತಾರೆ, ನಿಜ. ಆದರೆ ಅದರ ನೇಮಕಾತಿ ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಸಂಬಂಧಿಸಿದ್ದು, ದಾಲ್ ಮಿಲ್ಲಿನ ಬಾಗಿಲನ್ನು ಮಾತುಕತೆಯಿಂದಲೇ ತೆರೆಯಬೇಕು.

ಅಂಗವಿಕಲರ ವಿಷಯದಲ್ಲಿ ನಾನು ಕಂಡ ಸೇವೆ ತೃಪ್ತಿಕರವಾಗಿಲ್ಲ. ಅವರಿಗೆ ಸ್ಥಾನ ಮೀಸಲಿದ್ದರೂ ಒಂದು ಕೇಂದ್ರದ ತರಗತಿಗಳು ಮೊದಲ ಮಹಡಿಯಲ್ಲಿದ್ದವು, ಇಳಿಜಾರು ದಾರಿಯಾಗಲಿ ಲಿಫ್ಟ್ ಆಗಲಿ ಇರಲಿಲ್ಲ. ಪೋಲಿಯೊ ಪೀಡಿತ ಯುವಕನೊಬ್ಬ ಗೆಳೆಯರ ಹೆಗಲ ಮೇಲೆ ಕೆಲವು ದಿನ ಹತ್ತಿಳಿದು, ಆಮೇಲೆ ಬರುವುದನ್ನೇ ನಿಲ್ಲಿಸಿದ. ಈ ಕ್ಷೇತ್ರದಲ್ಲಿ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಮಾದರಿಯಿದೆ. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಬೆಂಗಳೂರಿನಲ್ಲಿ ಆರಂಭಿಸಿದ ಎನೇಬಲ್ ಇಂಡಿಯಾ ಸಂಸ್ಥೆ ಅಂಗವಿಕಲರಿಗೆ ತರಬೇತಿ ಕೊಡುವುದರ ಜೊತೆಗೆ ಕಂಪನಿಗಳ ಕೆಲಸಗಳನ್ನು ಪರಿಶೀಲಿಸಿ, ಯಾವ ಕೆಲಸಕ್ಕೆ ಯಾವ ಸಣ್ಣ ಮಾರ್ಪಾಡು ಸಾಕು ಎಂಬುದನ್ನು ಮಾಲೀಕರಿಗೆ ತೋರಿಸಿಕೊಡುತ್ತದೆ. ಮಾನಸಿಕ ಕಾಯಿಲೆ ಇರುವವರಿಗಾಗಿ 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ರೂಪಿಸಿದ ಪದ್ಧತಿಯಲ್ಲಂತೂ ದೀರ್ಘ ತರಬೇತಿಗೆ ಕಾಯಿಸದೆ, ವ್ಯಕ್ತಿ ಬಯಸಿದ ಕೆಲಸವನ್ನೇ ಬೇಗ ಹುಡುಕಿಕೊಟ್ಟು, ಅಲ್ಲಿ ಅವನಿಗೆ ಬೇಕಾದಷ್ಟು ಕಾಲ ಜೊತೆಗಿರುತ್ತಾರೆ. ಬೇರೆ ದೇಶದ ಪದ್ಧತಿಯನ್ನು ಹಾಗೆಯೇ ತರಲಾಗುವುದಿಲ್ಲ ನಿಜ, ಆದರೆ ಕೆಲಸದ ಜಾಗದಲ್ಲಿ ಜೊತೆಗಿರುವ ಒಬ್ಬ ವ್ಯಕ್ತಿಯ ಅಗತ್ಯ ಇಲ್ಲಿಯೂ ಅಷ್ಟೇ ಇದೆ.

ಹೊಸದಾಗಿ ಸೇರುವವರು ಮೊದಲ ದಿನವೇ ಕೇಂದ್ರದಲ್ಲಿ ಕೆಲವು ವಿಷಯಗಳನ್ನು ಕೇಳಿ ಬರೆಸಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಹಿಂದಿನ ತಂಡದವರನ್ನು ಎಲ್ಲಿ ಸೇರಿಸಿದ್ದಾರೆ, ಅವರಲ್ಲಿ ಈಗಲೂ ಕೆಲಸದಲ್ಲಿರುವವರು ಯಾರು ಎಂದು ಕೇಳಿ, ಸಾಧ್ಯವಾದರೆ ಅವರಲ್ಲಿ ಒಬ್ಬಿಬ್ಬರೊಂದಿಗೆ ಮಾತನಾಡಿ. ಕಡಿತಗಳೆಲ್ಲ ಕಳೆದ ಮೇಲೆ ಕೈಗೆ ಬರುವ ಪಗಾರ ಎಷ್ಟು, ವಸತಿಯನ್ನು ಮಾಲೀಕರು ಕೊಡುತ್ತಾರೋ ನಾವೇ ನೋಡಿಕೊಳ್ಳಬೇಕೋ, ರಾತ್ರಿ ಪಾಳಿ ಇದೆಯೇ, ಆರಂಭದ ನೆರವಿನ ಹಣ ಯಾವ ದಿನ ಬರುತ್ತದೆ ಎಂಬುದು ಸ್ಪಷ್ಟವಾಗಿರಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯನ್ನು ಊರು ಬಿಡುವ ಮೊದಲೇ ಮುಗಿಸಿಕೊಳ್ಳಿ, ಪ್ರತಿ ತಿಂಗಳ ಸಂಬಳದ ಚೀಟಿಯನ್ನು ತಪ್ಪದೆ ಇಟ್ಟುಕೊಳ್ಳಿ. ಉತ್ತರ ಕೊಡಲು ಹಿಂಜರಿಯುವ ಕೇಂದ್ರಕ್ಕೆ ಸೇರುವ ಆತುರ ಬೇಡ.

ಮನೆಯ ಜವಾಬ್ದಾರಿ ಇರುವ ಹೆಣ್ಣುಮಕ್ಕಳಿಗೆ ಆಸ್ಪತ್ರೆ ಸಹಾಯಕಿಯ ತರಬೇತಿಯನ್ನೇ ನಾನು ಮೊದಲು ಸೂಚಿಸುತ್ತೇನೆ, ಏಕೆಂದರೆ ಕಲಬುರಗಿ, ಬೀದರ್ ನಗರಗಳಲ್ಲಿಯೇ ಕೆಲಸ ಸಿಗುವ ಸಾಧ್ಯತೆ ಇದರಲ್ಲಿ ಹೆಚ್ಚು. ಗಂಡುಮಕ್ಕಳಿಗೆ ವಿದ್ಯುತ್ ಕೆಲಸ ಉತ್ತಮ. ಕಾರ್ಖಾನೆಯ ಕೆಲಸ ಹೊಂದದಿದ್ದರೂ ಊರಿನಲ್ಲಿ ಪಂಪ್‌ಸೆಟ್, ಮನೆಯ ವೈರಿಂಗ್ ಮಾಡಿ ಬದುಕಬಹುದು. ಹೊಲಿಗೆ ಯಂತ್ರದ ತರಬೇತಿಗೆ, ಬೆಂಗಳೂರಿನಲ್ಲಿ ಕಾರ್ಖಾನೆಯೇ ನಡೆಸುವ ವಸತಿ ನಿಲಯ ಇದೆಯೆಂದು ಖಚಿತವಾದಾಗ ಮತ್ತು ಒಂದೇ ಊರಿನ ಮೂರು ನಾಲ್ಕು ಜನ ಜೊತೆಗೆ ಹೋಗುವುದಾದರೆ ಮಾತ್ರ ಸೇರಿ. ಅರ್ಜಿಗೆ ಪಂಚಾಯಿತಿಗೆ ಹೋಗುವ ಮೊದಲು ನಿಮ್ಮ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರನ್ನು ಭೇಟಿಯಾಗಿ ಹೆಸರು ಬರೆಸಿ, ಕೆಲಸ ಸಿಕ್ಕ ದಿನ ಮಾಲೀಕರ ವಿಳಾಸವನ್ನೂ ಅವರಲ್ಲಿಯೇ ಕೊಟ್ಟು ಹೋಗಿ.